ಉಣಿಸಿ ಕೊಂದ ಬಕೆಟ್

ನಾರಾಯಣಪುರದಲ್ಲಿ ಬೋಧನಾಭ್ಯಾಸಕ್ಕಿದ್ದಾಗ 8ನೇ ತರಗತಿಯ ‘ಪ್ರಾಣಿಗಳಲ್ಲಿ ಸಂತಾನೋತ್ಪತ್ತಿ’ ಪಾಠ ನನ್ನ ಪಾಲಿಗೆ ಬಂತು. ಅಮೀಬಾ, ಹೈಡ್ರಾಗಳ ಚಾರ್ಟನ್ನು ಎಲ್ಲರೂ ಬರೆಯುತ್ತಾರೆ. ನನಗೆ ಜೀವಂತವಾದದ್ದನ್ನೇ ತೋರಿಸುವ ಹಟ. ಬಸವಸಾಗರದ ಕಾಲುವೆ ಬದಿಯ ಹಸಿರುಗಟ್ಟಿದ ಹೊಂಡದ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿದಾಗ ನೀರುಚಿಗಟಗಳು ಸಿಕ್ಕವು. ಹೆಸರಿಗಷ್ಟೇ ಚಿಗಟ, ಇದು ಸಿಗಡಿಯ ಬಳಗ. ಮೈ ಪಾರದರ್ಶಕ, ಮಸೂರದಡಿ ಬೆನ್ನಿನ ಚೀಲದ ಮರಿಗಳೂ ಕಾಣುತ್ತವೆ.

ನಲ್ಲಿ ನೀರಿನ ಕ್ಲೋರಿನ್ ಇವುಗಳಿಗೆ ವಿಷ. ಅದಕ್ಕೇ ಹೊಂಡದ ನೀರನ್ನೇ ತಂದು ಬಕೆಟ್ ತುಂಬಿಸಿ ಕೋಣೆಯ ನೆರಳಿನಲ್ಲಿಟ್ಟೆ. ಉಳಿದ ಒಂದಿಷ್ಟನ್ನು ಬಾಟಲಿಗೆ ಸುರಿದು ಕಿಟಕಿಯಲ್ಲಿಟ್ಟು ಮರೆತೆ. ಬಕೆಟ್‌ಗೆ ದಿನಾ ಈಸ್ಟ್ ಕದಡಿ ಹಾಕಿದೆ. ವಾರದಲ್ಲಿ ಸಾವಿರಾರು ಆದವು. ಆಮೇಲೆ ಮೈ ಕೆಂಪೇರಿತು. ಮೈತುಂಬಿಕೊಂಡಿವೆ ಎಂದು ಹಿಗ್ಗಿ ಈಸ್ಟ್ ಇನ್ನಷ್ಟು ಹೆಚ್ಚಿಸಿದೆ. ನೀರಲ್ಲಿ ಆಮ್ಲಜನಕ ಕಡಿಮೆಯಾದಾಗ ಅವು ಹಿಮೋಗ್ಲೋಬಿನ್ ಹೆಚ್ಚಿಸಿಕೊಳ್ಳುವುದರಿಂದ ಕೆಂಪಾಗುತ್ತವೆ ಎಂದು ಓದಿದ್ದು ಆಮೇಲೆ. ಪಾಠದ ಹಿಂದಿನ ಬೆಳಿಗ್ಗೆ ನೀರು ಹಾಲಿನಂತೆ ಬೆಳ್ಳಗಾಗಿತ್ತು, ನಾರುತ್ತಿತ್ತು, ಒಂದೂ ಅಲುಗುತ್ತಿರಲಿಲ್ಲ. ತಿನ್ನದೆ ಉಳಿದ ಈಸ್ಟ್ ಕೊಳೆತು ಉಸಿರು ಕಟ್ಟಿಸಿತ್ತು. ಒಮ್ಮೆ ಹಾಕಿದ್ದು ತಿಳಿಯಾದ ಮೇಲಷ್ಟೇ ಮತ್ತೆ ಹಾಕಬೇಕಿತ್ತು.

ಕಿಟಕಿಯ ಬಾಟಲಿ ಉಳಿಸಿತು. ಬಿಸಿಲಿಗೆ ಪಾಚಿ ಹಸಿರಾಗಿ, ಅದನ್ನೇ ತಿಂದು ಇಪ್ಪತ್ತು ಮೂವತ್ತು ಬದುಕಿದ್ದವು. ಅದನ್ನೇ ಒಯ್ದೆ.

“ಸರ್, ಇದರಾಗ ಗಂಡು ಯಾವುದ್ರಿ?” ಒಬ್ಬಳು ಕೇಳಿದಳು. ಅನುಕೂಲವಿದ್ದಾಗ ಹೆಣ್ಣೇ ಗಂಡಿಲ್ಲದೆ ಹೆಣ್ಣುಮರಿ ಹಾಕುತ್ತದೆ. ಇಕ್ಕಟ್ಟಾದಾಗ ಗಂಡು ಹುಟ್ಟುತ್ತವೆ, ಆಗಿನ ಗಟ್ಟಿಕವಚದ ಮೊಟ್ಟೆ ಹೊಂಡ ಒಣಗಿದರೂ ಕಾಯುತ್ತದೆ ಎಂದೆ. ಗಂಟೆ ಬಾರಿಸಿದರೂ ಮಸೂರ ವಾಪಸ್ ಬರಲಿಲ್ಲ.

ಪಾಠ ಚೆನ್ನಾಗಾಯಿತು ಎಂದುಕೊಂಡೇ ವೀಕ್ಷಣಾ ಪುಸ್ತಕ ತೆರೆದೆ. ಮಾರ್ಗದರ್ಶಕರು ಬರೆದಿದ್ದರು: “ಬಕೆಟ್ ಸತ್ತದ್ದನ್ನು ನನಗೆ ಹೇಳಿದಿರಿ, ಮಕ್ಕಳಿಗೇಕೆ ಹೇಳಲಿಲ್ಲ?”

ಉತ್ತರವಿರಲಿಲ್ಲ. ಮಕ್ಕಳೆದುರು ಸೋತವನಾಗಿ ಕಾಣಬಾರದೆಂದಿದ್ದೆ, ಅಷ್ಟೆ. ಮರುದಿನ ‘ಬಿ’ ವಿಭಾಗಕ್ಕೆ ಬಾಟಲಿಯ ಜೊತೆ ಆ ಬಕೆಟ್ಟನ್ನೂ ಹೊತ್ತೆ. ಮುಂದಿನ ಬೆಂಚಿನವರು ಮೂಗು ಮುಚ್ಚಿ ಹಿಂದೆ ಸರಿದರು. ಏನಾಗಿರಬಹುದು ಎಂದು ಕೇಳಿದೆ. ಬಿಸಿಲು, ವಿಷ, ರೋಗ ಎಂದು ಊಹೆಗಳು ಬಂದವು. ಹಿಂದಿನಿಂದ ಒಬ್ಬ ಎದ್ದು ಎರಡನ್ನೂ ಮೂಸಿ ನೋಡಿದ.

“ಉಣಿಸಿ ಉಣಿಸಿ ಕೊಂದೀರಿ, ಸರ್.”