ಎಸ್.ಪಿ. ರಸ್ತೆಯ ಟ್ಯಾಬ್ಲೆಟ್ ಸಂತೆ

ಬೆಂಗಳೂರಿನ ಪುರಭವನದ ಎದುರಿನ ಗದ್ದಲ ದಾಟಿ ನಗರ್ತಪೇಟೆಯ ಕಡೆಗೆ ಹೆಜ್ಜೆ ಹಾಕಿದರೆ ಸಾದರ ಪತ್ರಪ್ಪ ರಸ್ತೆ ಸಿಗುತ್ತದೆ. ಪೂರ್ತಿ ಹೆಸರು ಹೇಳುವವರು ಕಡಿಮೆ. ಎಲ್ಲರ ಬಾಯಲ್ಲೂ ಅದು ಎಸ್.ಪಿ. ರಸ್ತೆ. ಇಕ್ಕಟ್ಟಾದ ಬೀದಿ, ತಲೆಯ ಮೇಲೆ ತಂತಿಗಳ ಜಾಲ, ಎರಡೂ ಬದಿಗೆ ಗೂಡಿನಂಥ ಅಂಗಡಿಗಳು. ಚಿಕ್ಕ ರೆಸಿಸ್ಟರ್‌ನಿಂದ ಹಿಡಿದು ಲ್ಯಾಪ್‌ಟಾಪ್‌ವರೆಗೆ ಇಲ್ಲಿ ಸಿಗದ ಎಲೆಕ್ಟ್ರಾನಿಕ್ ವಸ್ತು ಅಪರೂಪ.

2020ರಲ್ಲಿ ಕೊರೊನಾದಿಂದಾಗಿ ಶಾಲೆಗಳು ಮುಚ್ಚಿ, ಪಾಠಗಳು ಪರದೆಯ ಮೇಲೆ ಬಂದವು. ಅಂದಿನಿಂದ ಟ್ಯಾಬ್ಲೆಟ್ ಎಂಬುದು ಸಾಮಾನ್ಯರ ಮನೆಗೂ ಬೇಕಾದ ವಸ್ತುವಾಗಿದೆ. ಹೊಸದಕ್ಕೆ ಹಣ ಸಾಲದ ಪೋಷಕರು ಹಳೆಯದನ್ನು ಅರಸುತ್ತಾರೆ. ‘ದೊಡ್ಡ ಕಂಪನಿಯದು ಸಾರ್, ಒಂದು ಗೀರೂ ಇಲ್ಲ’ ಎಂಬ ಮಾತಿಗೆ ಮನಸ್ಸು ಸೋಲುವುದು ಸಹಜ. ಆದರೆ ಗೀರಿಲ್ಲದ ಗಾಜಿಗೂ ವೆಬ್ ಪುಟ ತೆರೆಯುವ ವೇಗಕ್ಕೂ ಸಂಬಂಧವಿಲ್ಲ.

ಒಂದೇ ವೈಫೈಗೆ ಜೋಡಿಸಿದ ಎರಡು ಟ್ಯಾಬ್ಲೆಟ್‌ಗಳಲ್ಲಿ ಒಂದರಲ್ಲಿ ಪುಟ ಥಟ್ಟನೆ ತೆರೆದುಕೊಳ್ಳುತ್ತದೆ. ಇನ್ನೊಂದರಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ. ಏಕೆ? ಪುಟದೊಡನೆ ಬರುವ ಜಾವಾಸ್ಕ್ರಿಪ್ಟ್ ಆಜ್ಞೆಗಳನ್ನು ಓದಿ ನಡೆಸುವುದು ಟ್ಯಾಬ್ಲೆಟ್‌ನ ಪ್ರೊಸೆಸರ್. ತೆರೆದ ಪುಟಗಳನ್ನು ಹಿಡಿದಿಡುವುದು ರ‍್ಯಾಮ್. ಇದು ಪ್ರಯೋಗಶಾಲೆಯ ಮೇಜಿನಂತೆ. ಮೇಜು ಚಿಕ್ಕದಾದರೆ ಒಂದು ಉಪಕರಣ ಇಡಲು ಇನ್ನೊಂದನ್ನು ಎತ್ತಬೇಕು. ರ‍್ಯಾಮ್ ಸಾಲದಿದ್ದರೆ ಹಿಂದಿನ ಪುಟಕ್ಕೆ ಮರಳಿದಾಗ ಅದು ಮತ್ತೆ ಮೊದಲಿನಿಂದ ಇಳಿಯಬೇಕಾಗುತ್ತದೆ. ಡೇಟಾ ಖರ್ಚು ಬೇರೆ.

2010ರಲ್ಲಿ ಅಮೆರಿಕದಲ್ಲಿ 499 ಡಾಲರ್‌ನಿಂದ ಮಾರಾಟ ಆರಂಭಿಸಿದ ಮೊದಲ ಐಪ್ಯಾಡ್‌ನ ರ‍್ಯಾಮ್ 256 ಎಂಬಿ. ವಿದ್ಯಾರ್ಥಿಗಳಿಗಾಗಿ 2011ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಬಿಡುಗಡೆಯಾದ ಅಗ್ಗದ ‘ಆಕಾಶ್’ನದೂ ಅಷ್ಟೇ! ಪ್ರೊಸೆಸರ್ ಮಾತ್ರ ಅಲ್ಲಿ 1 ಗಿಗಾಹರ್ಟ್ಸ್, ಇಲ್ಲಿ 366 ಮೆಗಾಹರ್ಟ್ಸ್. ಅಂದರೆ ದುಬಾರಿ ಬೆಲೆ ಎಲ್ಲದರಲ್ಲೂ ಹೆಚ್ಚನ್ನು ಕೊಡುವುದಿಲ್ಲ.

ಇನ್ನೊಂದು ತೊಡಕು ತಂತ್ರಾಂಶದ ವಯಸ್ಸು. ಐಪ್ಯಾಡ್ 2 ಎಷ್ಟೇ ಚೆನ್ನಾಗಿ ಕಂಡರೂ ಐಓಎಸ್ 9ರಿಂದ ಮುಂದಕ್ಕೆ ಹೋಗದು. ತಾಣಗಳ ಗುರುತನ್ನು ಖಾತರಿಪಡಿಸುವ ಒಂದು ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ರಂದು ಮುಗಿಯಿತು. ಅದರ ಬದಲಿಗೆ ಬಂದ ಹೊಸದನ್ನು ಐಓಎಸ್ 9 ಅರಿಯದು. ಹೀಗಾಗಿ ಅನೇಕ ತಾಣಗಳು ಅದರಲ್ಲಿ ನಿಧಾನವಾಗಲಿಲ್ಲ, ತೆರೆಯುವುದನ್ನೇ ನಿಲ್ಲಿಸಿದವು.

ಆದ್ದರಿಂದ ಅಂಗಡಿಯ ಮುಂದೆಯೇ ಸಣ್ಣ ಪ್ರಯೋಗ ಮಾಡಿ ನೋಡುವುದು ಲೇಸು. ನಿಮ್ಮ ಮೊಬೈಲ್‌ನ ಹಾಟ್‌ಸ್ಪಾಟ್‌ಗೆ ಎರಡು ಟ್ಯಾಬ್ಲೆಟ್‌ಗಳನ್ನು ಸರದಿಯಂತೆ ಜೋಡಿಸಿ. ಮಗು ದಿನವೂ ಬಳಸುವ ಪಾಠದ ಪುಟವನ್ನೇ ತೆರೆಯಿರಿ, ಗಡಿಯಾರ ನೋಡಿ. ಆಮೇಲೆ ಇನ್ನೂ ನಾಲ್ಕು ಪುಟ ತೆರೆದು ಮೊದಲನೆಯದಕ್ಕೆ ಮರಳಿ. ಅದು ಇದ್ದಂತೆಯೇ ಇದ್ದರೆ ರ‍್ಯಾಮ್ ಸಾಕಷ್ಟಿದೆ ಎಂದು ತಿಳಿಯಬಹುದು. ಸೆಟ್ಟಿಂಗ್ಸ್‌ನಲ್ಲಿ ತಂತ್ರಾಂಶ ಕೊನೆಯದಾಗಿ ನವೀಕರಣಗೊಂಡ ದಿನಾಂಕವನ್ನೂ ನೋಡಲು ಮರೆಯಬೇಡಿ. ಒಂದೇ ಸಂಪರ್ಕ, ಒಂದೇ ಪುಟ, ಬದಲಾಗುವುದು ಯಂತ್ರ ಮಾತ್ರ. ಏಳನೆಯ ತರಗತಿಯ ಹುಡುಗನೂ ಮಾಡಬಲ್ಲ ಪ್ರಯೋಗವಿದು. ಪರೀಕ್ಷೆಗೆ ಒಪ್ಪದ ಅಂಗಡಿಯಿದ್ದರೆ ಚಿಂತೆಯಿಲ್ಲ; ಪಕ್ಕದಲ್ಲೇ ಇನ್ನೊಂದಿದೆ.

ನಮ್ಮ ಮೆಟ್ರೊದ ಹಸಿರು ಮಾರ್ಗದಲ್ಲಿ ಬರುವವರು ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ನಡೆಯಬಹುದು. ಭಾನುವಾರ ಬಹಳಷ್ಟು ಅಂಗಡಿಗಳಿಗೆ ರಜೆ. ಮಕ್ಕಳನ್ನೂ ಕರೆತನ್ನಿ, ಬಳಸುವವರು ಅವರೇ ತಾನೆ?