ಅಕ್ಕಿ ಯಾರ ಲೆಕ್ಕಕ್ಕೆ?

ಖರ್ಚಿನ ಲೆಕ್ಕ ಇಡುವ ಆ್ಯಪ್‌ಗೆ ಸಂಶಯ ಅನ್ನುವುದೇ ಇಲ್ಲ. ಬ್ಯಾಂಕಿನ ಮೆಸೇಜು ಓದಿಕೊಳ್ಳುತ್ತದೆ, ತೀರ್ಪು ಕೊಟ್ಟುಬಿಡುತ್ತದೆ. ಬಳ್ಳಾರಿಯ ಕಿರಾಣಿ ಅಂಗಡಿಗೆ 3,200 ರೂಪಾಯಿ ಹೋಯಿತೇ? ಅಷ್ಟೂ ‘ದಿನಸಿ’. ಮೊತ್ತ ಗೊತ್ತು, ಅಂಗಡಿ ಗೊತ್ತು. ಚೀಲದಲ್ಲಿ ಏನಿತ್ತು ಅನ್ನುವುದಷ್ಟೇ ಗೊತ್ತಿಲ್ಲ. 2016ರಲ್ಲಿ ಯುಪಿಐ ಶುರುವಾದ ಮೇಲೆ ನಾವೂ ಹಾಗೇ ಆಗಿದ್ದೇವೆ. ಕ್ಯೂಆರ್ ಕೋಡಿಗೆ ಫೋನು ಹಿಡಿದರೆ ಹತ್ತು ಸಾಮಾನು ಒಂದೇ ಸಂಖ್ಯೆಯಾಗಿ ಹೊರಗೆ ಬರುತ್ತವೆ.

ಇದಕ್ಕೆಂದೇ ಆ್ಯಪ್‌ನಲ್ಲಿ ‘ಸ್ಪ್ಲಿಟ್’ ಎಂಬ ಗುಂಡಿ ಇದೆ. ಒತ್ತಿದರೆ ಒಂದೇ ಖರ್ಚಿನ ಕೆಳಗೆ ಎಷ್ಟು ಸಾಲು ಬೇಕೋ ಅಷ್ಟು ತೆರೆಯುತ್ತವೆ. ಎಲ್ಲ ಕೂಡಿದರೆ ಬ್ಯಾಂಕಿನಿಂದ ಹೋದ ಮೊತ್ತಕ್ಕೆ ಸರಿಹೋಗಬೇಕು, ಷರತ್ತು ಇಷ್ಟೇ. ನನಗೆ ಇದು ಹಿಡಿಸಿದ ಕೆಲಸ. ಹೆಂಡತಿಯ ಪ್ರಕಾರ ಕೆಲಸವಿಲ್ಲದವನ ಕೆಲಸ.

ಜಾತ್ರೆಯ ತಿಂಗಳ ಆ 3,200ರ ಚೀಟಿಯನ್ನೇ ನೋಡಿ. ಅಕ್ಕಿ 26 ಕಿಲೋ ಚೀಲ 1,560. ತೊಗರಿಬೇಳೆ 300, ಎಣ್ಣೆ ಡಬ್ಬ 700, ಸೋಪು ಮತ್ತು ಸೋಪಿನಪುಡಿ 280, ಕರ್ಪೂರ, ಊದಿನಕಡ್ಡಿ, ಕೊಬ್ಬರಿ ಬಟ್ಟಲು ಸೇರಿ 240, ಮಗಳಿಗೆ ನೋಟ್‌ಬುಕ್ಕು 160. ಒಟ್ಟು 3,240. ಅಂಗಡಿಯವರು ‘ಹೋಗ್ಲಿ ಬಿಡ್ರಿ’ ಅಂತ ನಲವತ್ತು ಬಿಟ್ಟರು. ಪೇಚು ಅಲ್ಲೇ ಹುಟ್ಟಿತು. ಆ ನಲವತ್ತು ಯಾವ ಸಾಮಾನಿನ ಪಾಲು? ಲೆಕ್ಕಶಾಸ್ತ್ರದ ಪ್ರಕಾರ ಎಲ್ಲಕ್ಕೂ ಅವುಗಳ ಬೆಲೆಗೆ ತಕ್ಕಂತೆ ಹಂಚಬೇಕು. ಹಂಚಿದರೆ ನೋಟ್‌ಬುಕ್ಕಿನ ಪಾಲಿಗೆ 1 ರೂಪಾಯಿ 98 ಪೈಸೆ ರಿಯಾಯಿತಿ ಬರುತ್ತದೆ. ಅಂಗಡಿಯವರು ಬಿಟ್ಟದ್ದು ನೋಟ್‌ಬುಕ್ಕು ನೋಡಿ ಅಲ್ಲ, ಮುಖ ನೋಡಿ. ಮುಖಕ್ಕೆ ಆ್ಯಪ್‌ನಲ್ಲಿ ಖಾನೆ ಇಲ್ಲ.

ಅಕ್ಕಿ ಚೀಲದಲ್ಲಿ ಆ ಒಂದು ಕಿಲೋ ಯಾಕೆ ಹೆಚ್ಚು ಅಂದಿರಾ? ಅದೂ ಖಾನೆಯ ಮಹಿಮೆಯೇ. 2022ರ ಜುಲೈ 18ರಿಂದ, ಮೊದಲೇ ಪ್ಯಾಕು ಮಾಡಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಅಕ್ಕಿಗೆ ಶೇ 5 ಜಿಎಸ್‌ಟಿ ಬಿತ್ತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಮಿಲ್ಲಿನವರು ಇನ್ನೊಂದು ಕಿಲೋ ತುಂಬಿ ಚೀಲ ಹೊಲಿದರು. ಸಿರುಗುಪ್ಪದ ಕಡೆಯ ಅದೇ ಗದ್ದೆ, ತುಂಗಭದ್ರೆಯ ಅದೇ ನೀರು, ಅದೇ ಸೋನಾ ಮಸೂರಿ. ತಕ್ಕಡಿಯ ಮುಳ್ಳು ಸ್ವಲ್ಪ ಸರಿದದ್ದಕ್ಕೆ ಸರ್ಕಾರದ ಪುಸ್ತಕದಲ್ಲಿ ಅಕ್ಕಿಯ ಜಾತಿಯೇ ಬದಲಾಯಿತು. ಇದನ್ನು ನೋಡಿದ ಮೇಲೆ ನನ್ನ ಖಾನೆಗಳ ಬಗ್ಗೆ ನಾನು ನಾಚಿಕೊಳ್ಳುವುದನ್ನು ಬಿಟ್ಟೆ.

ಒಂದು ಮೊತ್ತವನ್ನು ಒಡೆದು ಬರೆಯುವುದು ನಮ್ಮ ಸೀಮೆಯ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಕುರುಗೋಡಿನ ಮೆಣಸಿನಕಾಯಿ ಲಾರಿ ಹತ್ತಿ ಬ್ಯಾಡಗಿಗೆ ಹೋಗುತ್ತದೆ, ಅಲ್ಲಿಂದ ಒಂದು ಪಟ್ಟಿ ಬರುತ್ತದೆ. ಮೇಲೆ ಚೀಲ, ತೂಕ, ದರ, ಕಣ್ಣು ಕುಕ್ಕುವಂಥ ಒಟ್ಟು. ಕೆಳಗೆ ಹಮಾಲಿ, ಲಾರಿ ಬಾಡಿಗೆ, ಹಿಂದೆ ತಂದಿದ್ದ ಮುಂಗಡದ ಮುರಿತ. ಕಟ್ಟಕಡೆಗೆ ಉಳಿಕೆ. ಅಪ್ಪ ಆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದ.

ಅಪ್ಪನದೇ ಒಂದು ನೋಟ್‌ಬುಕ್ಕೂ ಇತ್ತು. ಅದರಲ್ಲಿ ‘ದಿನಸಿ’ ಅನ್ನುವ ತಲೆಬರಹವೇ ಇಲ್ಲ. ಅಕ್ಕಿ ಒಂದೇ ಚೀಲ ಬಂದಿದ್ದರೂ ಮೂರು ಕಡೆ ಬರೆದಿರುತ್ತಿದ್ದ. ‘ಮನಿಗೆ’ ಇಷ್ಟು ಸೇರು. ‘ಕಾಯಿ ಬಿಡಿಸೋ ಆಳುಗಳ ಊಟಕ್ಕೆ’ ಇಷ್ಟು, ಇದು ಹೊಲದ ಖರ್ಚು, ಮೆಣಸಿನಕಾಯಿ ಮಾರಿದಾಗ ಅದರಲ್ಲೇ ಮುರಿಯಬೇಕು. ‘ಬಸಪ್ಪನ ತೇರಿಗೆ ಬಂದವರಿಗೆ’ ಇಷ್ಟು. ಬಸಪ್ಪ ಅಂದರೆ ಕುರುಗೋಡಿನ ದೊಡ್ಡಬಸವೇಶ್ವರ. ತೇರಿನ ಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆ್ಯಪ್ ಕೇಳುವುದು ಏನು ಕೊಂಡಿರಿ ಅಂತ. ಅಪ್ಪ ಬರೆಯುತ್ತಿದ್ದದ್ದು ಯಾರಿಗೆ, ಯಾತಕ್ಕೆ ಅಂತ. ಎರಡನೆಯದರಲ್ಲೇ ಮನೆಯ ನಿಜ ಸಂಗತಿ ಇದೆ ಅಂತ ನನ್ನ ಪಕ್ಕಾ ಅಭಿಪ್ರಾಯ. ಅಕ್ಕಿಗೆ ಎಷ್ಟು ಹೋಯಿತು ಅಂತ ತಿಳಿದು ನಾನೇನು ಮಾಡಲಿ? ತಿನ್ನುವುದು ಬಿಡಲಾಗುತ್ತದೆಯೇ?

ಹಾಗಂತ ಒಡೆಯುವ ಗೆರೆ ಎಲ್ಲಿ ಹಾಕಿದರೂ ಆಚೆ ಈಚೆ ಒಂದಿಷ್ಟು ಚೆಲ್ಲಿಯೇ ತೀರುತ್ತದೆ. ನಮ್ಮ ಜಿಲ್ಲೆಯೇ ಸಾಕ್ಷಿ. 1953ರ ಅಕ್ಟೋಬರ್ 1ರಂದು ಮದ್ರಾಸ್ ರಾಜ್ಯದ ಬಳ್ಳಾರಿಯನ್ನು ಸ್ಪ್ಲಿಟ್ ಮಾಡಿದರು. ಆದೋನಿ, ಆಲೂರು, ರಾಯದುರ್ಗ ಆಂಧ್ರದ ಖಾತೆಗೆ. ಬಳ್ಳಾರಿ, ಸಿರುಗುಪ್ಪ ಮುಂತಾದವು ಮೈಸೂರಿನ ಖಾತೆಗೆ. 2021ರಲ್ಲಿ ಉಳಿದದ್ದನ್ನೂ ಒಡೆದು ವಿಜಯನಗರ ಜಿಲ್ಲೆ ಮಾಡಿದರು. ಆದರೂ ಹತ್ತಿ ತುಂಬಿದ ಟ್ರಾಲಿ ಈಗಲೂ ಇಲ್ಲಿಂದ ಆದೋನಿ ಮಾರುಕಟ್ಟೆಗೆ ಹೋಗುತ್ತದೆ, ಬೀಗತನಗಳೂ ನಡೆಯುತ್ತವೆ.

ದೇಶದ ಲೆಕ್ಕದವರಿಗೂ ಇದೇ ತಲೆನೋವು. 2022–23ರ ಮನೆಬಳಕೆಯ ಖರ್ಚಿನ ಸಮೀಕ್ಷೆಯಲ್ಲಿ ಹಳ್ಳಿಯ ಒಬ್ಬರ ತಿಂಗಳ ಸರಾಸರಿ ಖರ್ಚು 3,773 ರೂಪಾಯಿ ಅಂತ ಬಂತು. ಪುಕ್ಕಟೆ ಸಿಕ್ಕ ರೇಷನ್ನು, ಮತ್ತಿತರ ಸಾಮಾನಿಗೂ ಬೆಲೆ ಕಟ್ಟಿದರೆ 3,860. ಎರಡನ್ನೂ ಅಚ್ಚು ಹಾಕಿ ಕೈತೊಳೆದುಕೊಂಡರು. ಜಾಣರು.

ಪುಕ್ಕಟೆಯ ಮಾತು ಬಂತಲ್ಲ, ಕುರುಗೋಡಿನಲ್ಲಿರುವ ಅವ್ವನ ಗೃಹಲಕ್ಷ್ಮಿ ವಿಷಯ ಹೇಳಬೇಕು. ತಿಂಗಳಿಗೆ 2,000ದ ಯೋಜನೆ, 2023ರ ಆಗಸ್ಟ್‌ನಿಂದ. ಮನೆಯ ಆದಾಯ ಒಂದೇ ಕಡೆ ಕಾಣಲಿ ಅಂತ ಅದನ್ನೂ ಸೇರಿಸಹೊರಟೆ.

“ಅದು ನನ್ನ ರೊಕ್ಕ. ನಿನ್ನ ಫೋನಿಗೆ ಅದರ ಗೊಡವಿ ಬ್ಯಾಡ” ಅಂದಳು ಅವ್ವ.

“ಬರೇ ಲೆಕ್ಕಕ್ಕಬೇ, ತಗೊಳ್ಳಾಕಲ್ಲ.”

“ಲೆಕ್ಕಕ್ಕ ಹತ್ತಿದ್ ರೊಕ್ಕ ಯಾರ ಕೈಯಾಗ ಉಳದೈತಿ ಹೇಳು.”

ರೂಪಾಯಿಗೆ ಮುಖ ಇಲ್ಲ, ಯಾವ ರೂಪಾಯಿಯಾದರೂ ಒಂದೇ ಅನ್ನುವುದು ಅರ್ಥಶಾಸ್ತ್ರದ ಹಳೆಯ ಪಾಠ. ಮನುಷ್ಯರು ಹಾಗೆ ನಡೆಯುವುದಿಲ್ಲ, ಮನಸ್ಸಿನಲ್ಲೇ ಬೇರೆ ಬೇರೆ ಗಂಟು ಕಟ್ಟಿ ಒಂದರ ದುಡ್ಡು ಇನ್ನೊಂದಕ್ಕೆ ಮುಟ್ಟಗೊಡುವುದಿಲ್ಲ ಅಂತ ರಿಚರ್ಡ್ ಥೇಲರ್ 1985ರಲ್ಲೇ ಪ್ರಬಂಧ ಬರೆದರು. 2017ರ ಅರ್ಥಶಾಸ್ತ್ರದ ನೊಬೆಲ್ ಅವರಿಗೇ ಬಂತು. ಅವ್ವನ ಗಂಟಿನಲ್ಲಿ ಮೊಮ್ಮಗಳ ಬೆಳ್ಳಿ ಕಾಲ್ಚೈನು ಇದೆ, ತನ್ನ ಕಣ್ಣಿನ ಆಪರೇಷನ್ ಇದೆ. ಅದರಿಂದ ಗ್ಯಾಸ್ ಸಿಲಿಂಡರ್ ತರಿಸುವ ಧೈರ್ಯ ನಮಗ್ಯಾರಿಗೂ ಇಲ್ಲ.

ಹೀಗಾಗಿ ಆ್ಯಪ್ ಕೊಟ್ಟ ಖಾನೆಗಳನ್ನೆಲ್ಲ ಅಳಿಸಿ ಬೇರೆ ಹೆಸರು ಹಾಕಿದ್ದೇನೆ. ‘ನಾವು ನಾಲ್ವರು’, ‘ಹೊಲ’, ‘ಊರ ಕಡೆ’, ‘ಬಂದವರಿಗೆ’. 3,200 ಈಗ ಒಡೆಯುವುದು ಹೀಗೆ: ಅಕ್ಕಿ, ಬೇಳೆ, ಎಣ್ಣೆಯಲ್ಲಿ ಅರ್ಧದಷ್ಟು ತೇರಿಗೆ ಬಂದವರಿಗೆ, ಕರ್ಪೂರ, ಕೊಬ್ಬರಿ ಊರ ಕಡೆಗೆ, ಮಿಕ್ಕದ್ದು ನಮಗೆ. ಪೈಸೆಯ ಗೋಜಿಲ್ಲ, ಬಿಟ್ಟ ನಲವತ್ತೂ ಬಂದವರ ಪಾಲಿಗೇ, ಅಂಗಡಿಯವರೂ ಒಂದು ಕೈ ಹಾಕಿದ್ದಾರೆ ಅಂತ ಇರಲಿ. ತಿಂಗಳ ಕೊನೆಗೆ ಆ್ಯಪ್ ಬಣ್ಣದ ಚಕ್ರ ಬಿಡಿಸಿ, ‘ಬಂದವರಿಗೆ’ ಮಿತಿ ಮೀರಿದೆ ಅಂತ ಕೆಂಪು ಬಳಿದು ಎಚ್ಚರಿಸಿತು. ಹೆಂಡತಿಗೆ ತೋರಿಸಿದೆ.

“ಹೌದ್ರೀ, ಈ ಸಲ ಅನ್ನ ಕಮ್ಮಿ ಬಿತ್ತು” ಅಂದಳು ಅವಳು. “ಬರೋ ವರ್ಷ ಎರಡು ಚೀಲ ತರಿಸ್ರಿ.”