ಕಾಣದ ಹಣ್ಣಿನ ರುಚಿ

ಹೊಸ ಭಾಷೆಯೊಂದು ಮಗುವಿನ ಮನಸ್ಸನ್ನು ಹೊಗುವ ದಾರಿಗಳು ಹಲವು. ಕೆಲವರಿಗೆ ಅದು ಬೆತ್ತದ ಭಯದಿಂದ ಬರುತ್ತದೆ. ಕೆಲವರಿಗೆ ಮುಂದೆ ದೊರೆಯಲಿರುವ ಉದ್ಯೋಗದ ಆಸೆಯಿಂದ ಬರುತ್ತದೆ. ಭಯದಿಂದ ಬಂದದ್ದು ಪರೀಕ್ಷೆ ಮುಗಿದ ಮರುದಿನವೇ ಮರೆತುಹೋಗಬಹುದು. ಆಸೆಯಿಂದ ಬಂದದ್ದು ಆಸೆ ಕೈಗೂಡಿದೊಡನೆ ನಿಂತುಬಿಡಬಹುದು. ಕುತೂಹಲದಿಂದ ಬಂದ ಭಾಷೆಯಾದರೋ ಬಾಳಿನುದ್ದಕ್ಕೂ ಜೊತೆಯಲ್ಲಿ ನಡೆಯುತ್ತದೆ. ಇಂಗ್ಲಿಷ್ ಎಂದೊಡನೆ ಎದೆ ನಡುಗುವ ವಿದ್ಯಾರ್ಥಿಗಳು ನಮ್ಮ ಶಾಲೆಗಳಲ್ಲಿ ಇಂದಿಗೂ ಕಡಮೆಯಿಲ್ಲ. ಅಂಥವರು ಮೈಸೂರಿನಲ್ಲಿ ಬೆಳೆದು, ಇಂಗ್ಲಿಷಿನಲ್ಲಿ ಬರೆದು, ಜಗತ್ತಿನ ಮನ್ನಣೆ ಪಡೆದ ಆರ್. ಕೆ. ನಾರಾಯಣರ ಬಾಲ್ಯವನ್ನು ಒಮ್ಮೆ ತಿರುವಿ ನೋಡಬೇಕು.

ನಾರಾಯಣರು ಹುಟ್ಟಿದ್ದು 1906ರ ಅಕ್ಟೋಬರ್ 10ರಂದು, ಮದರಾಸಿನಲ್ಲಿ. ತಂದೆ ಕೃಷ್ಣಸ್ವಾಮಿ ಅಯ್ಯರ್ ಮೈಸೂರು ಸಂಸ್ಥಾನದಲ್ಲಿ ಉಪಾಧ್ಯಾಯರಾಗಿದ್ದವರು. ಮನೆಯಲ್ಲಿ ಮಕ್ಕಳು ಹಲವರು. ಹೀಗಾಗಿ ಬಾಲಕನು ಮದರಾಸಿನ ಪುರಸವಾಕ್ಕಂ ಎಂಬಲ್ಲಿದ್ದ ಅಜ್ಜಿಯ ಮನೆಯಲ್ಲಿ ಬೆಳೆಯಬೇಕಾಯಿತು. ಆ ಮನೆಯಲ್ಲಿ ಅವನಿಗೆ ಆಟದ ಸಂಗಾತಿಗಳಾಗಿದ್ದುದು ಒಂದು ನವಿಲು ಮತ್ತು ಒಂದು ತುಂಟ ಕೋತಿ. ಗುರುವಾಗಿದ್ದವಳು ಅಜ್ಜಿ. ಸಂಜೆ ದೀಪ ಹಚ್ಚಿದ ಮೇಲೆ ಆಕೆ ಮೊಮ್ಮಗನನ್ನು ಎದುರಿಗೆ ಕೂರಿಸಿಕೊಂಡು ಮಗ್ಗಿ ಹೇಳಿಸುವಳು, ತಮಿಳಿನ ಅಕ್ಷರಗಳನ್ನು ತಿದ್ದಿಸುವಳು, ಸಂಸ್ಕೃತದ ಶ್ಲೋಕಗಳನ್ನು ಬಾಯಿಪಾಠ ಮಾಡಿಸುವಳು. ಹಾಡಿನ ರಾಗ ಯಾವುದೆಂದು ಕೇಳುವಳು. ಪುರಾಣದ ಕಥೆಗಳನ್ನು ಹೇಳುವಳು. ಆಕೆಯ ಬಾಯಿಂದ ಕೇಳಿದ ಕಥೆಗಳೇ ಬಾಲಕನ ಮನಸ್ಸನ್ನು ಹದಮಾಡಿದುವು. ಇಂಗ್ಲಿಷಿನ ಬೀಜ ಬೀಳುವ ಮೊದಲೇ ಆ ನೆಲವನ್ನು ತಾಯ್ನುಡಿ ಉತ್ತು ಸಿದ್ಧಗೊಳಿಸಿತ್ತು ಎಂಬುದನ್ನು ಮರೆಯಲಾಗದು.

ಆ ಕಾಲದಲ್ಲಿ ಇಂಗ್ಲಿಷಿನ ಬಾಲಪಾಠ ಪುಸ್ತಕಗಳು ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುತ್ತಿದ್ದುವು. ನುಣುಪಾದ ದಪ್ಪ ಕಾಗದ, ಕಣ್ಣು ಸೆಳೆಯುವ ಬಣ್ಣದ ಚಿತ್ರಗಳು, ಹೊಸ ಪುಸ್ತಕದ ಪರಿಮಳ; ಇವು ಮಕ್ಕಳಿಗೆ ಒಂದು ಸೋಜಿಗವೇ ಆಗಿದ್ದುವು. ಅಂಥ ಪುಸ್ತಕದ ಮೊದಲ ಪಾಠವನ್ನು ಕುರಿತು ನಾರಾಯಣರು ಮುಂದೆ ತಮ್ಮ ಪ್ರಬಂಧವೊಂದರಲ್ಲಿ ನಗೆ ಉಕ್ಕುವಂತೆ ಬರೆದಿದ್ದಾರೆ. ವರ್ಣಮಾಲೆಯ ಮೊದಲನೆಯ ಅಕ್ಷರವೇ ಒಂದು ಆಪಲ್ ಪೈ. ಉಳಿದ ಅಕ್ಷರಗಳೆಲ್ಲ ಒಂದರ ಹಿಂದೆ ಒಂದು ಬಂದು ಅದನ್ನು ಕಚ್ಚುವುವು, ಕತ್ತರಿಸುವುವು. ಎಲ್ಲ ಸರಿಯೆ. ಆದರೆ ಆಪಲ್ ಪೈ ಎಂದರೇನು? ಮದರಾಸಿನ ಸುಡುಬಿಸಿಲಿನ ನಾಡಿನಲ್ಲಿ ಸೇಬಿನ ಹಣ್ಣನ್ನೇ ಕಾಣದ ಮಕ್ಕಳು ಅದರಿಂದ ಮಾಡಿದ ಭಕ್ಷ್ಯವನ್ನು ಕಲ್ಪಿಸಿಕೊಳ್ಳುವುದಾದರೂ ಹೇಗೆ? ಪಾಠ ಹೇಳುತ್ತಿದ್ದ ಉಪಾಧ್ಯಾಯರೂ ಅದನ್ನು ಕಂಡವರಲ್ಲ. ಅವರು ಯೋಚಿಸಿ, ಅದು ನಮ್ಮ ಇಡ್ಲಿಯಂತಹ ಪದಾರ್ಥವಿರಬೇಕು, ಅಕ್ಕಿಯ ಬದಲು ಸೇಬಿನಿಂದ ಮಾಡುತ್ತಾರೆ ಎಂಬಂಥ ವಿವರಣೆ ಕೊಟ್ಟರಂತೆ.

ಇದನ್ನು ಓದಿದವರಿಗೆ ನಗು ಬರುತ್ತದೆ. ನಕ್ಕ ಮೇಲೆ ಸ್ವಲ್ಪ ಯೋಚಿಸಿದರೆ, ಈ ಪ್ರಸಂಗದಲ್ಲಿ ಒಂದು ತಥ್ಯ ಅಡಗಿರುವುದು ಕಾಣುತ್ತದೆ. ತಾನು ಕಾಣದ ವಸ್ತುವನ್ನು ತಾನು ಕಂಡ ವಸ್ತುವಿನ ಮೂಲಕ ಅರಿಯಲು ಯತ್ನಿಸುವುದೇ ಕಲಿಕೆಯ ಮೊದಲ ಮೆಟ್ಟಿಲು. ಉಪಾಧ್ಯಾಯರ ವಿವರಣೆ ತಪ್ಪಾಗಿದ್ದಿರಬಹುದು. ಆದರೆ ಅದು ದೂರದ ಇಂಗ್ಲೆಂಡನ್ನು ತಂದು ಇಡ್ಲಿಯ ತಟ್ಟೆಯ ಪಕ್ಕದಲ್ಲಿ ಕೂರಿಸಿತು. ಮಕ್ಕಳ ಮನಸ್ಸಿನಲ್ಲಿ ನೂರು ಪ್ರಶ್ನೆಗಳೆದ್ದುವು. ಸೇಬು ಸಿಹಿಯೋ ಹುಳಿಯೋ? ಅರ್ಥ ಪೂರ್ಣವಾಗಿ ತಿಳಿಯದಿದ್ದುದೇ ಒಂದು ಆಕರ್ಷಣೆಯಾಯಿತು. ಕಂಡರಿಯದ ಮರಗಳು, ಕೇಳರಿಯದ ತಿನಿಸುಗಳು, ಮಂಜು ಸುರಿಯುವ ಬೀದಿಗಳು, ಎಲ್ಲವೂ ಆ ಇಪ್ಪತ್ತಾರು ಅಕ್ಷರಗಳ ಹಿಂದೆ ಕಾದು ಕುಳಿತಿರುವಂತೆ ಅನಿಸುವ ವಯಸ್ಸು ಅದು.

ಮುಂದೆ ತಂದೆಯವರು ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ ಬಂದರು. ನಾರಾಯಣನೂ ಅಜ್ಜಿಯ ಮನೆಯನ್ನು ಬಿಟ್ಟು ಮೈಸೂರಿಗೆ ಬಂದನು. ಇಲ್ಲಿ ಅವನಿಗೆ ಒಂದು ನಿಧಿಯೇ ದೊರೆಯಿತು. ಆ ಪ್ರೌಢಶಾಲೆಯಲ್ಲಿ ಒಳ್ಳೆಯದೊಂದು ಪುಸ್ತಕಭಂಡಾರವಿದ್ದಿತು. ಅದಲ್ಲದೆ ಶಾಲೆಯ ವಾಚನಾಲಯಕ್ಕಾಗಿ ಇಂಗ್ಲೆಂಡ್ ಮತ್ತು ಅಮೆರಿಕಗಳಿಂದ ಹಲವು ಪತ್ರಿಕೆಗಳು ಅಂಚೆಯಲ್ಲಿ ಬರುತ್ತಿದ್ದುವು. ಹುಡುಗರಿಗೆಂದೇ ಅಚ್ಚಾಗುತ್ತಿದ್ದ 'ಬಾಯ್ಸ್ ಓನ್ ಪೇಪರ್', ಷರ್ಲಾಕ್ ಹೋಮ್ಸನ ಪತ್ತೇದಾರಿ ಕಥೆಗಳಿಂದ ಹೆಸರಾದ 'ಸ್ಟ್ರ್ಯಾಂಡ್' ಮೊದಲಾದುವು ಅವುಗಳಲ್ಲಿದ್ದುವು. ತಂದೆಯವರು ಅವನ್ನು ವಾರದ ಕೊನೆಯಲ್ಲಿ ಮನೆಗೆ ತರುತ್ತಿದ್ದರು. ಮಕ್ಕಳು ಯಾವುದನ್ನು ಬೇಕಾದರೂ ಎತ್ತಿಕೊಂಡು ಓದಬಹುದಾಗಿತ್ತು. ಕಟ್ಟಳೆ ಒಂದೇ: ಹಾಳೆ ಮಾಸಬಾರದು, ಹರಿಯಬಾರದು, ಸೋಮವಾರ ಬೆಳಗ್ಗೆ ಅವು ವಾಚನಾಲಯದ ಮೇಜಿನ ಮೇಲಿರಬೇಕು.

ಶಿಸ್ತಿಗೆ ಹೆಸರಾದ ಆ ಮುಖ್ಯೋಪಾಧ್ಯಾಯರು ಮಗನಿಗೆ ಓದಿನಲ್ಲಿ ಕೊಟ್ಟ ಈ ಸ್ವಾತಂತ್ರ್ಯ ಸಾಮಾನ್ಯವಾದುದಲ್ಲ. ಇದನ್ನು ಓದು, ಇದನ್ನು ಬಿಡು ಎಂಬ ನಿರ್ಬಂಧವಿರಲಿಲ್ಲ. ಓದಿದ್ದರ ಸಾರಾಂಶ ಒಪ್ಪಿಸಬೇಕೆಂಬ ಕಾಟವಿರಲಿಲ್ಲ. ಬಾಲಕನು ಸ್ಕಾಟ್, ಡಿಕನ್ಸ್, ಕಾನನ್ ಡಾಯ್ಲ್, ವುಡ್‌ಹೌಸ್, ಹಾರ್ಡಿ ಎಂದು ಕೈಗೆ ಸಿಕ್ಕವರನ್ನೆಲ್ಲ ಓದಿದನು. ಹೀಗೆ ಓದುವಾಗ ಪ್ರತಿಯೊಂದು ಶಬ್ದಕ್ಕೂ ನಿಘಂಟಿನ ಕದ ತಟ್ಟುತ್ತ ಕೂರಲಾಗುವುದಿಲ್ಲ. ಕಥೆಯ ಸೆಳೆತಕ್ಕೆ ಸಿಕ್ಕ ಹುಡುಗನು ಅರಿಯದ ಶಬ್ದಗಳನ್ನು ಹೊಳೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಡುವಂತೆ ದಾಟಿ ಮುಂದೆ ಹೋಗುತ್ತಾನೆ. ಅದೇ ಶಬ್ದ ನಾಲ್ಕು ಕಡೆ ಕಂಡಾಗ ಅದರ ಅರ್ಥ ತಾನಾಗಿಯೇ ಹೊಳೆಯುತ್ತದೆ. ಮಗು ತಾಯಿಯ ಮಡಿಲಲ್ಲಿ ಮಾತು ಕಲಿಯುವುದೂ ಹೀಗೆಯೇ ಅಲ್ಲವೆ?

ಇಷ್ಟೆಲ್ಲ ಓದಿದ ಹುಡುಗನು ಪರೀಕ್ಷೆಯಲ್ಲಿ ಮೇಲಾಗಿ ತೇರ್ಗಡೆಯಾದನೆಂದು ಯಾರಾದರೂ ಭಾವಿಸಬಹುದು. ನಡೆದದ್ದು ಬೇರೆ. ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ನಾರಾಯಣ್ ಅನುತ್ತೀರ್ಣರಾದರು. ಅದೂ ಇಂಗ್ಲಿಷ್ ವಿಷಯದಲ್ಲಿ! ಇಂಗ್ಲಿಷೇ ಎಲ್ಲಕ್ಕಿಂತ ಸುಲಭವೆಂದು ಸಹಪಾಠಿಗಳು ಎಣಿಸಿದ್ದಾಗ ಇವರು ಅದರಲ್ಲಿಯೇ ಸೋತಿದ್ದರು. ನಿಯಮಿಸಿದ ಪಠ್ಯ ಅವರಿಗೆ ರುಚಿಸಿರಲಿಲ್ಲ; ರುಚಿಸದುದನ್ನು ಅವರು ಓದಿರಲಿಲ್ಲ. ಮುಖ್ಯೋಪಾಧ್ಯಾಯರ ಮಗನಿಗೆ ಇಂತಹ ಸೋಲು ಎಷ್ಟು ಸಂಕೋಚವನ್ನು ತಂದಿರಬೇಕೆಂಬುದನ್ನು ಊಹಿಸಬಹುದು.

ಅಂದು ಅವರು ಇಂಗ್ಲಿಷಿನ ಮೇಲೆ ಮುನಿಸಿಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪರೀಕ್ಷೆಯ ಸೋಲನ್ನು ಅವರು ಭಾಷೆಯ ಸೋಲೆಂದು ಎಣಿಸಲಿಲ್ಲ. ಕಾಲೇಜಿಗೆ ಸೇರಲಾಗದೆ ಬಿಡುವಾಗಿ ದೊರೆತ ಕಾಲವನ್ನು ಓದಿಗೆ, ಬರೆವಣಿಗೆಗೆ ಮೀಸಲಿಟ್ಟರು. ಕವಿತೆಗಳ ಸಂಕಲನವನ್ನೋ ರವೀಂದ್ರನಾಥ ಠಾಕೂರರ 'ಗೀತಾಂಜಲಿ'ಯನ್ನೋ ಕೈಯಲ್ಲಿ ಹಿಡಿದು ಕುಕ್ಕರಹಳ್ಳಿ ಕೆರೆಯ ಏರಿಯ ಕಡೆಗೆ ಹೊರಟುಬಿಡುವರು. ನೀರಿನ ಮೇಲೆ ಬೆಳಕು ಬದಲಾಗುವುದನ್ನು ನೋಡುತ್ತ ಓದುವರು. ಮನಸ್ಸಿಗೆ ಬಂದುದನ್ನು ಬರೆದು ಗೆಳೆಯರಿಗೆ ಓದಿ ಹೇಳುವರು. ಅಂಕಗಳಿಲ್ಲದ, ಹಾಜರಿ ಪಟ್ಟಿಯಿಲ್ಲದ ಆ ಕಾಲವೇ ಲೇಖಕನನ್ನು ರೂಪಿಸಿದ ಪಾಠಶಾಲೆಯಾಯಿತು. 1926ರಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮಹಾರಾಜಾ ಕಾಲೇಜನ್ನು ಸೇರಿದರು. ರೂಢಿಗಿಂತ ಒಂದು ವರ್ಷ ಹೆಚ್ಚು ತೆಗೆದುಕೊಂಡು 1930ರಲ್ಲಿ ಬಿ.ಎ. ಪದವಿ ಪಡೆದರು. ಮುಂದೆ ಎಂ.ಎ. ಓದುವ ಯೋಚನೆಯೂ ಇದ್ದಿತು. ಸಾಹಿತ್ಯವನ್ನು ಪದವಿಗಾಗಿ ಓದಿದರೆ ಅದರ ಮೇಲಿನ ಪ್ರೀತಿಯೇ ಸತ್ತುಹೋದೀತೆಂದು ಗೆಳೆಯನೊಬ್ಬನು ಎಚ್ಚರಿಸಿದನು. ಅವರು ಆ ಯೋಚನೆಯನ್ನು ಕೈಬಿಟ್ಟರು.

ಬರೆಯಲು ಕುಳಿತಾಗ ಮತ್ತೆ ನೆರವಿಗೆ ಬಂದವಳು ಅಜ್ಜಿ. ಆಕೆ ಆರಿಸಿಕೊಟ್ಟ ಶುಭದಿನದಂದು ಬೆಂಗಳೂರಿನಲ್ಲಿ ನಾರಾಯಣರು ಹೊಸ ನೋಟುಪುಸ್ತಕವನ್ನು ತೆರೆದರು. ಪುಟ್ಟದೊಂದು ರೈಲು ನಿಲ್ದಾಣ ಮನಸ್ಸಿನಲ್ಲಿ ಮೂಡಿತು; ಅದರ ಹೆಸರು ಮಾಲ್ಗುಡಿ. ಆ ಊರಿನ ಶಾಲಾಬಾಲಕ ಸ್ವಾಮಿಯ ಕಥೆ ಕಾದಂಬರಿಯಾಯಿತು. ಹಲವು ಪ್ರಕಾಶಕರು ಅದನ್ನು ಹಿಂದಿರುಗಿಸಿದರು. ಕೊನೆಗೆ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಗೆಳೆಯರೊಬ್ಬರು ಹಸ್ತಪ್ರತಿಯನ್ನು ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನರಿಗೆ ತೋರಿಸಿದರು. ಗ್ರೀನರು ಮೆಚ್ಚಿ ಶಿಫಾರಸು ಮಾಡಿದ ಮೇಲೆ 1935ರಲ್ಲಿ ಲಂಡನ್ನಿನಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಅಚ್ಚಾಯಿತು. ಇಂಗ್ಲಿಷಿನಲ್ಲಿ ನಪಾಸಾದ ಹುಡುಗನ ಇಂಗ್ಲಿಷನ್ನು ಇಂಗ್ಲೆಂಡಿನವರೇ ಹಣ ಕೊಟ್ಟು ಕೊಂಡು ಓದುವಂತಾಯಿತು!

ಆ ಕಾದಂಬರಿಯಲ್ಲಿ ಒಂದು ಸನ್ನಿವೇಶವಿದೆ. ತಂದೆ ಮಾವಿನಹಣ್ಣಿನ ವ್ಯಾಪಾರದ ಲೆಕ್ಕವೊಂದನ್ನು ಕೊಡುತ್ತಾರೆ. ಸ್ವಾಮಿಯ ಗಮನ ಲೆಕ್ಕದ ಮೇಲೆ ನಿಲ್ಲುವುದಿಲ್ಲ. ಆ ಮಾವು ಹಣ್ಣಾಗಿತ್ತೋ ಕಾಯಾಗಿತ್ತೋ ಎಂಬುದೇ ಅವನಿಗೆ ದೊಡ್ಡ ಚಿಂತೆ. ಸೇಬಿನ ರುಚಿ ಎಂಥದೆಂದು ಬೆರಗಾಗುವ ಮಗುವಿಗೂ ಮಾವಿನ ಹದವನ್ನು ವಿಚಾರಿಸುವ ಈ ಸ್ವಾಮಿಗೂ ಹತ್ತಿರದ ನಂಟು. ಪರಭಾಷೆಯೊಂದು ನಾರಾಯಣರಿಗೆ ತಮ್ಮ ಊರಿನ ಮಾವಿನ ಸೊಗಡನ್ನು ಹೇಳುವ ಸಾಧನವಾಯಿತೇ ಹೊರತು ಆ ಸೊಗಡನ್ನು ಮರೆಸುವ ಮದ್ದಾಗಲಿಲ್ಲ. ಅವರ ಇಂಗ್ಲಿಷಿನಲ್ಲಿ ಅಜ್ಜಿಯ ಹಜಾರವಿದೆ, ಬೀದಿಯ ಜಗಲಿಯಿದೆ, ಹೊಳೆಯ ದಂಡೆಯ ಮರಳಿದೆ. 'ದಿ ಗೈಡ್' ಕಾದಂಬರಿಗಾಗಿ 1960ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಇಂಗ್ಲಿಷ್ ಕೃತಿಯೊಂದಕ್ಕೆ ಆ ಗೌರವ ಸಂದುದು ಅದೇ ಮೊದಲು. 1980ರ ದಶಕದಲ್ಲಿ ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಮೂಡಿಬಂದಾಗ, ಇಂಗ್ಲಿಷಿನಲ್ಲಿ ಹುಟ್ಟಿದ ಆ ಊರು ನಮ್ಮದೇ ಊರೆಂದು ಕನ್ನಡಿಗರಿಗೆ ಅನಿಸಿತು.

ಮುಪ್ಪಿನಲ್ಲಿ ನಾರಾಯಣರು ರಾಜ್ಯಸಭೆಯ ನಾಮಕರಣ ಸದಸ್ಯರಾದರು. ಅಂತಹ ಹಿರಿಯ ಲೇಖಕರು ಅಲ್ಲಿ ಯಾವ ವಿಷಯವನ್ನು ಎತ್ತಿಯಾರೆಂದು ಜನರಿಗೆ ಕುತೂಹಲವಿದ್ದಿರಬೇಕು. ಅವರು ಎತ್ತಿದ್ದು ಶಾಲಾಮಕ್ಕಳ ಚೀಲದ ವಿಷಯವನ್ನು. ಪುಸ್ತಕಗಳ ಹೊರೆಯಿಂದ ಮಕ್ಕಳ ಬೆನ್ನು ಬಾಗುತ್ತಿದೆ, ಆಡಲು ಹೊತ್ತಿಲ್ಲ, ಕನಸು ಕಾಣಲು ಬಿಡುವಿಲ್ಲ ಎಂದು ಅವರು ಮರುಗಿದರು. ಆ ಮಾತು ದೇಶದ ಗಮನವನ್ನು ಸೆಳೆಯಿತು. ವಿಜ್ಞಾನಿ ಯಶಪಾಲರ ಅಧ್ಯಕ್ಷತೆಯಲ್ಲಿ ರಚಿತವಾದ ಸಮಿತಿಯು 1993ರಲ್ಲಿ ಹೊರೆಯಿಲ್ಲದ ಕಲಿಕೆಯನ್ನು ಕುರಿತು ತನ್ನ ವರದಿಯನ್ನು ಸಲ್ಲಿಸಿತು. ಪುಸ್ತಕಗಳಿಂದಲೇ ಬೆಳೆದ ಮನುಷ್ಯನು ಪುಸ್ತಕದ ಹೊರೆಯನ್ನು ಇಳಿಸಿರೆಂದು ಕೇಳಿದುದರಲ್ಲಿ ವಿರೋಧವೇನೂ ಇಲ್ಲ. ಬೆನ್ನ ಮೇಲೆ ಹೊತ್ತ ಪುಸ್ತಕಕ್ಕೂ ಮಡಿಲಲ್ಲಿ ಬಿಚ್ಚಿಟ್ಟುಕೊಂಡ ಪುಸ್ತಕಕ್ಕೂ ಇರುವ ಅಂತರವನ್ನು ಅವರು ಎಳವೆಯಲ್ಲಿಯೇ ಅನುಭವಿಸಿ ತಿಳಿದಿದ್ದರು.

ಎಲ್ಲ ಮಕ್ಕಳ ತಂದೆಯೂ ಮುಖ್ಯೋಪಾಧ್ಯಾಯರಲ್ಲ. ಎಲ್ಲರ ಮನೆಗೂ ಲಂಡನ್ನಿನ ಪತ್ರಿಕೆಗಳು ಬರುವುದಿಲ್ಲ. ಇದು ನಿಜ. ಆದರೆ ಹಳ್ಳಿಯ ಶಾಲೆಯಲ್ಲಿಯೂ ಪುಸ್ತಕಗಳ ಬೀರು ಒಂದಿರುತ್ತದೆ. ಅದರ ಬೀಗದ ಕೈಯನ್ನು ಉಪಾಧ್ಯಾಯರಿಂದ ಕೇಳಿ ಪಡೆಯುವ ಹುಡುಗನೋ ಹುಡುಗಿಯೋ ಇದ್ದರೆ ಸಾಕು. ಮೊದಲ ಪುಟದಲ್ಲಿ ಹತ್ತು ಶಬ್ದಗಳು ತಿಳಿಯದೆ ಹೋಗಬಹುದು. ಅಂಜಬೇಕಾದುದಿಲ್ಲ. ತಾಯ್ನುಡಿಯಲ್ಲಿ ಗಟ್ಟಿಯಾಗಿ ಕಾಲೂರಿದವನಿಗೆ ತಿಳಿಯದ ಶಬ್ದವು ಅವಮಾನವಲ್ಲ, ಅದೊಂದು ಆಹ್ವಾನ. ಇಂದು ಪರೀಕ್ಷೆಯಲ್ಲಿ ಬಂದ ಅಂಕಗಳು ನಾಳೆ ಆ ಭಾಷೆಯಲ್ಲಿ ಮಾಡಬಹುದಾದ ಸಾಧನೆಯ ಅಳತೆಗೋಲಲ್ಲ. ಎರಡನೆಯ ಪುಟವನ್ನು ತಿರುವಿಹಾಕುವ ಧೈರ್ಯ ಮಾತ್ರ ಬೇಕು.